ನಡುವೆ ಒಂದು ಎಲೆ



ಹಳ್ಳಿಯ ಸ್ವಸಹಾಯ ಸಂಘದ ಸಭೆ. ಉಳಿತಾಯದ ಲೆಕ್ಕ ಮುಗಿದ ಮೇಲೆ ನಡುವೆ ಒಂದು ದೊಡ್ಡಪತ್ರೆ ಎಲೆ ಇಟ್ಟು ನೋಡಿ. ಮಾತು ತಾನಾಗಿಯೇ ಶುರುವಾಗುತ್ತದೆ. ಎಲೆಯನ್ನು ಕೆಂಡದ ಮೇಲೆ ಬಾಡಿಸಿ ರಸ ಹಿಂಡಬೇಕು ಅನ್ನುತ್ತಾರೆ ಒಬ್ಬರು. ಕಾವಲಿಯೇ ಸಾಕು ಅನ್ನುತ್ತಾರೆ ಇನ್ನೊಬ್ಬರು. ಮತ್ತೊಬ್ಬರಿಗೆ ತಂಬುಳಿಯ ನೆನಪು. ದಪ್ಪನೆಯ, ನವಿರು ರೋಮದ ಆ ಎಲೆ ಕೈಯಿಂದ ಕೈಗೆ ದಾಟುವಾಗ ಬೆರಳಿಗೆಲ್ಲ ಓಮದ ಘಮ.

ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಮನೆಮದ್ದಿನ ಬಗ್ಗೆ ಭಾಷಣ ಬೇಕಿಲ್ಲ. ಅರ್ಧ ಅವರಿಗೇ ಗೊತ್ತು. ಅದು ಬಾಯಿಗೆ ಬರಬೇಕು, ಅಷ್ಟೆ. 1993ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಮನೆಮದ್ದಿನ ಕೈತೋಟಗಳನ್ನು ಹಳ್ಳಿಗಳಿಗೆ ಒಯ್ದಿತು. ಅಂಥ ಕೆಲಸ ನೆಲೆಯೂರುವುದು ಹೀಗೆ ಸುತ್ತ ಕೂತು ಮಾತಾಡಿದಾಗಲೇ.

ಚರ್ಚೆಯಿಂದ ಇನ್ನೂ ದೊಡ್ಡ ಲಾಭವಿದೆ. ಕೂಸಿನ ಕೆಮ್ಮಿಗೆ ರಸದ ಜೊತೆ ಜೇನು ನೆಕ್ಕಿಸುತ್ತೇನೆ ಎಂದು ತಾಯಿಯೊಬ್ಬಳು ಹೇಳಿದಾಗಲಲ್ಲವೇ, ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು ಎಂದು ಆರೋಗ್ಯ ಕಾರ್ಯಕರ್ತೆ ತಿಳಿಸಲು ಸಾಧ್ಯ? ಆ ತಾಯಿ ಸುಮ್ಮನಿದ್ದಿದ್ದರೆ ಆ ಅಪಾಯ ಅಡುಗೆಮನೆಯಲ್ಲೇ ಉಳಿಯುತ್ತಿತ್ತು. ಕೆಮ್ಮು ಬಿಡದಿದ್ದರೆ, ಉಸಿರು ಏರಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂಬುದೂ ಅಲ್ಲೇ ಗಟ್ಟಿಯಾಗಲಿ.

ದೊಡ್ಡಪತ್ರೆಗೆ ಬೀಜ ಹುಡುಕಬೇಕಿಲ್ಲ. ಒಂದು ಕಡ್ಡಿ ನೆಟ್ಟರೆ ಚಿಗುರುತ್ತದೆ. ತಾಯಂದಿರೇ, ಮುಂದಿನ ಸಭೆಗೆ ನಿಮ್ಮ ಹಿತ್ತಲಿನಿಂದ ಒಂದೊಂದು ಗಿಡ ತನ್ನಿ. ನಿಮ್ಮೂರ ಆಶಾ ಕಾರ್ಯಕರ್ತೆಯನ್ನೂ ಕರೆದು ಕೂರಿಸಿಕೊಳ್ಳಿ.