ಚೋದಕಕ್ಕೆ ಮುನ್ನ ಮೊಳಕೆ ಪರೀಕ್ಷೆ



ತೊಗರಿ ಬೀಜ ನೀರು ಹೀರಿದಾಗ ಅದರೊಳಗಿನ ಜಿಬ್ಬರೆಲಿನ್ ಎಂಬ ಚೋದಕ ಮೊಳಕೆಗೆ ನೆರವಾಗುತ್ತದೆ. ಅಬ್ಸಿಸಿಕ್ ಆಮ್ಲ ಅದನ್ನು ತಡೆಯುತ್ತದೆ. ಜಿಬ್ಬರೆಲಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದರೆ ಜೀವವಿರುವ ಬೀಜ ಬೇಗ ಮೊಳೆಯಬಹುದು. ಸತ್ತ ಬೀಜ ಮಾತ್ರ ಮೊಳೆಯದು. ಪ್ರಮಾಣ ಮೀರಿದರೆ ಸಸಿ ಸಣಕಲಾಗಿ ಉದ್ದ ಬೆಳೆದು ಬಾಗುತ್ತದೆ.

ಕಳೆನಾಶಕವಾದ 2,4-ಡಿ ಕೂಡ ಒಂದು ಕೃತಕ ಚೋದಕವೇ. ಅದನ್ನು ಹೊಡೆದ ಸಿಂಪರಣಾ ಯಂತ್ರದಲ್ಲಿ ಉಳಿದ ಅಂಶ ದ್ವಿದಳ ಸಸಿಗಳನ್ನು ಮುರುಟಿಸಬಲ್ಲದು. ಆ ಯಂತ್ರವನ್ನು ಬೇರೆಯಾಗಿಡಿ.

ಚೋದಕಕ್ಕೆ ಹಣ ಹಾಕುವ ಮೊದಲು 100 ಬೀಜಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು, ತೇವ ಆರದಂತೆ ನೋಡಿಕೊಂಡು, 6ನೆಯ ದಿನ ಎಣಿಸಿ. ದೃಢೀಕೃತ ತೊಗರಿಗೆ ಕನಿಷ್ಠ ಮೊಳಕೆ ಶೇಕಡ 75. ಅದಕ್ಕಿಂತ ಕಡಿಮೆಯಿದ್ದರೆ ಔಷಧಿಯನ್ನಲ್ಲ, ಬೀಜವನ್ನೇ ಬದಲಾಯಿಸಿ.