ನೌಕರಿ ಬಿಡಬೇಕೆನ್ನುವ ಸಿಸ್ಟರ್



ಜ್ವರ ಹೆಚ್ಚಾದರೂ ಹೆರಿಗೆ ನೋವು ಶುರುವಾದರೂ ಅಷ್ಟೂರಿನ ನಾವು ಓಡುವುದು ಬೀದರ್‌ನ ದೊಡ್ಡಾಸ್ಪತ್ರೆಗೇ. 2007ರಲ್ಲಿ ಬ್ರಿಮ್ಸ್ ಎಂಬ ವೈದ್ಯಕೀಯ ಕಾಲೇಜು ಬಂತು, ಆಮೇಲೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಕೂಡ ಬಂತು. ಆದರೂ ನಮ್ಮ ಭಾಗದ ಯಾವ ಆಸ್ಪತ್ರೆಯ ನರ್ಸಮ್ಮನನ್ನು ಮಾತಾಡಿಸಿದರೂ, ಸರ್ಕಾರಿ ಇರಲಿ ಖಾಸಗಿ ಇರಲಿ, ಒಂದು ಮಾತು ಬಂದೇ ಬರುತ್ತದೆ: "ಬಿಡಬೇಕ್ರೀ ಈ ನೌಕರಿ."

ಪಗಾರ ಸಾಲದು, ಅದಕ್ಕೇ ಅಂತ ನಾವು ತೀರ್ಮಾನಿಸಿಬಿಡುತ್ತೇವೆ. ಪಗಾರ ಸಾಲದೆಂಬುದೂ ನಿಜ. 50 ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದೆಂದು ಕೇಂದ್ರದ ಸಮಿತಿ 2016ರಲ್ಲೇ ಹೇಳಿತ್ತು. ನಿಮ್ಮ ಓಣಿಯಲ್ಲಿ ಖಾಸಗಿ ಆಸ್ಪತ್ರೆಗೆ ಹೋಗುವ ನರ್ಸ್ ಹೆಣ್ಣುಮಗಳಿದ್ದರೆ ಕೈಗೆ ಎಷ್ಟು ಬರುತ್ತದೆಂದು ಕೇಳಿ ನೋಡಿ.

ಆದರೆ ರಾತ್ರಿ ಪಾಳಿಯ ಒಂದು ವಾರ್ಡ್ ನೋಡಿ. ಒಂದು ಮಂಚದ ಸಲೈನ್ ಮುಗಿದು ನಳಿಗೆಗೆ ರಕ್ತ ಏರುತ್ತಿದೆ. ಇನ್ನೊಬ್ಬರಿಗೆ ಇಂಜೆಕ್ಷನ್ ಹೊತ್ತು. ಕೇಸ್ ಶೀಟು ಬರೆಯದೆ ಬಿದ್ದಿದೆ. ಡಾಕ್ಟರ್ ಎಲ್ಲಿ ಎಂದು ಮಂದಿ ಕೂಗುವುದು ಎದುರಿಗಿರುವ ಸಿಸ್ಟರ್ ಮೇಲೆ. ಆಸ್ಪತ್ರೆಯಲ್ಲಿ ಹಲ್ಲೆ ಮಾಡಿದವರಿಗೆ ಶಿಕ್ಷೆಯೆಂದು ರಾಜ್ಯದಲ್ಲಿ 2009ರಿಂದ ಕಾಯ್ದೆಯಿದೆ. ನಡುರಾತ್ರಿ ವಾರ್ಡಿನಲ್ಲಿ ಅದನ್ನು ಯಾರು ನೆನಪಿಸಬೇಕು? ಬೋಧಕ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗೊಬ್ಬ ನರ್ಸ್ ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕ. ಆದರೆ ಒಬ್ಬರು ಬಿಟ್ಟುಹೋದರೆ ಅವರ ಮಂಚಗಳೆಲ್ಲ ಉಳಿದವರ ಪಾಲಿಗೆ. ಹಾಗಾಗಿ ಉಳಿದವರೂ ಬೇರೆ ನೌಕರಿಗೆ ಹೈದರಾಬಾದ್ ದಾರಿ ನೋಡುತ್ತಾರೆ.

ಇನ್ನು ಕಾಂಟ್ರಾಕ್ಟ್. ನನಗೆ ಕಾಣುವ ಮುಖ್ಯ ಕಾರಣ ಇದೇ. 2023ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು; ಅವರ ಮೊದಲ ಬೇಡಿಕೆ ಕಾಯಂ ಮಾಡಿ ಎಂಬುದು. ಕೋವಿಡ್‌ನಲ್ಲಿ ಹೂಮಳೆ ಸುರಿಸಿಕೊಂಡ ಆರೋಗ್ಯ ಸಿಬ್ಬಂದಿಯ ಪೈಕಿ ಇವರೂ ಇದ್ದರು. ಕಾಯಂ ಕೇಳಿದಾಗೆಲ್ಲ 2006ರ ಉಮಾದೇವಿ ತೀರ್ಪು ಅಡ್ಡ ಬರುತ್ತದೆ. ಅದು ನಮ್ಮ ರಾಜ್ಯದ್ದೇ ಪ್ರಕರಣ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳದು. ನಿಯಮದಂತೆ ನೇಮಕವಾಗದವರಿಗೆ ಕಾಯಮಾತಿಯ ಹಕ್ಕಿಲ್ಲ ಎಂದಿತು ಸುಪ್ರೀಂ ಕೋರ್ಟ್. ವರ್ಷಗಟ್ಟಲೆ ದುಡಿಸಿಕೊಂಡವರನ್ನು ಕೈಬಿಡಲು ಆ ತೀರ್ಪನ್ನೇ ನೆಪ ಮಾಡಬೇಡಿ ಎಂದು 2024ರ ಡಿಸೆಂಬರಿನಲ್ಲಿ ಅದೇ ಕೋರ್ಟು ಹೇಳಿತು. ಅಷ್ಟರಲ್ಲಿ ಎಷ್ಟೋ ಮಂದಿಗೆ ನೇಮಕಾತಿಯ ವಯೋಮಿತಿಯೇ ಮೀರಿತ್ತು.

ಇದನ್ನೆಲ್ಲ ನಾವು ಕೇಳುವುದೆಲ್ಲಿ? ಸರ್ಕಾರಿ ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತದೆ. ಕಟ್ಟಡಕ್ಕೆ ಸುಣ್ಣಬಣ್ಣ ಯಾವಾಗ ಎಂದು ಅಲ್ಲಿ ಕೇಳುವವರು ಬೇಕಾದಷ್ಟಿದ್ದಾರೆ. ರಾತ್ರಿ ಪಾಳಿಗೆ ಎಷ್ಟು ಸಿಸ್ಟರ್‌ಗಳಿದ್ದಾರೆ, ಅವರಲ್ಲಿ ಕಾಯಂ ಎಷ್ಟು ಅಂತ ನೀವು ಕೇಳಿ.