ಕಡಲ ಗುರುತುಗಳಿಗೆ ಒಂದೇ ಅರ್ಥ

ನಮ್ಮ ಕೋಲಾರ ಜಿಲ್ಲೆಗೆ ಕಡಲಿಲ್ಲ. ಆದರೆ ಶ್ರೀನಿವಾಸಪುರದ ತೋತಾಪುರಿ ಮಾವು ಚಿತ್ತೂರಿನ ಕಾರ್ಖಾನೆಗಳಿಗೆ ಹೋಗುತ್ತದೆ, ಅಲ್ಲಿ ತಯಾರಾದ ತಿರುಳು ಹಡಗು ಹತ್ತುತ್ತದೆ. ಮುಳಬಾಗಿಲಿನ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 75 ಶುರುವಾಗುವುದೇ ಮಂಗಳೂರಿನ ಪಕ್ಕದ ಬಂಟ್ವಾಳದಲ್ಲಿ. ಮಾಲೂರು, ನರಸಾಪುರದ ಕೈಗಾರಿಕೆಗಳಿಗೂ ಬಂದರು ಬೇಕು. ಹಾಗಾಗಿ ಹಡಗಿಗೆ ದಾರಿ ತೋರುವ ಗುರುತುಗಳ ಚರಿತ್ರೆ ನಮಗೂ ಸೇರಿದ್ದು. ದೀಪ ಎಷ್ಟು ಪ್ರಖರವಾಗಿ ಉರಿದರೂ ಸಾಲದು, ಅದು ಹೇಳುವುದು ಪರದೇಶದ ನಾವಿಕನಿಗೂ ತಿಳಿಯಬೇಕು. ಈ ಚರಿತ್ರೆಯ ಸಾರ ಅಷ್ಟೇ.

ಕರ್ನಾಟಕದ ಕರಾವಳಿಯಲ್ಲಿ ಕಾರವಾರದ ಆಯ್‌ಸ್ಟರ್ ರಾಕ್ ದೀಪಸ್ತಂಭ 1864ರಲ್ಲಿ, ಕಾಪುವಿನದು 1901ರಲ್ಲಿ ಬೆಳಗಿದವು. ಹೀಗೆ ದೀಪಗಳು ಎಲ್ಲೆಡೆ ಎದ್ದವು. ಆದರೆ ಹಡಗಿನ ಹಾದಿಯ ಅಂಚು ತೋರುವ ತೇಲುಗುರುತುಗಳ ಬಣ್ಣ ಒಂದೊಂದು ದೇಶದಲ್ಲಿ ಒಂದೊಂದು. ಇವನ್ನು ಒಂದಾಗಿಸಲು 1936ರಲ್ಲಿ ಜಿನೀವಾದಲ್ಲಿ ಸಿದ್ಧವಾದ ಒಪ್ಪಂದ ಮಹಾಯುದ್ಧದಿಂದಾಗಿ ಜಾರಿಗೆ ಬರಲಿಲ್ಲ. 1957ರಲ್ಲಿ ದೀಪಸ್ತಂಭ ಪ್ರಾಧಿಕಾರಗಳ ಅಂತರರಾಷ್ಟ್ರೀಯ ಸಂಘ, ಅಂದರೆ ಐಯಾಲ, ಹುಟ್ಟಿತಾದರೂ 1970ರ ದಶಕದಲ್ಲೂ ಲೋಕದಲ್ಲಿ ಮೂವತ್ತಕ್ಕೂ ಹೆಚ್ಚು ಪದ್ಧತಿಗಳಿದ್ದವು. 1971ರ ಜನವರಿಯಲ್ಲಿ ಡೋವರ್ ಜಲಸಂಧಿಯಲ್ಲಿ ಟೆಕ್ಸಾಕೊ ಕೆರಿಬಿಯನ್ ಎಂಬ ಹಡಗು ಮುಳುಗಿತು. ಮರುದಿನವೇ ಬ್ರಾಂಡೆನ್‌ಬರ್ಗ್, ಮುಂದಿನ ತಿಂಗಳು ನಿಕಿ, ಅದೇ ಅವಶೇಷಕ್ಕೆ ಬಡಿದು ಮುಳುಗಿದವು. ನಿಕಿ ಮುಳುಗುವ ಹೊತ್ತಿಗೆ ಅಲ್ಲಿ ಗುರುತು ಇಟ್ಟಾಗಿತ್ತು, ಆದರೂ ಅಪಘಾತ ತಪ್ಪಲಿಲ್ಲ. ಒಟ್ಟು 51 ಜನ ಸತ್ತರು. ಆ ಆಘಾತದಿಂದಲೇ ಮಾತುಕತೆ ಚುರುಕಾಯಿತು. 1980ರ ನವೆಂಬರಿನಲ್ಲಿ ಟೋಕಿಯೋದಲ್ಲಿ ದೇಶಗಳು ಒಂದೇ ಪದ್ಧತಿಗೆ ಒಪ್ಪಿದವು.

ಒಂದೇ ಪದ್ಧತಿಯೆಂದರೂ ಎರಡು ವಲಯಗಳು ಉಳಿದವಲ್ಲ ಎಂದು ಆಕ್ಷೇಪಿಸಬಹುದು. ನಿಜ. ಬಂದರಿಗೆ ಬರುವ ಹಡಗಿಗೆ ಭಾರತದಲ್ಲಿ ಕೆಂಪು ಎಡಕ್ಕೆ, ಹಸಿರು ಬಲಕ್ಕೆ; ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪೀನ್ಸ್‌ಗಳಲ್ಲಿ ತಿರುಗುಮುರುಗು. ಆದರೆ ವ್ಯತ್ಯಾಸ ಹಾದಿಯ ಅಂಚಿನ ಗುರುತುಗಳಿಗಷ್ಟೇ ಸೀಮಿತ. ಅಪಾಯ ಯಾವ ದಿಕ್ಕಿಗಿದೆ ಎಂದು ಹೇಳುವ ಗುರುತುಗಳು ಎಲ್ಲ ಕಡೆಯೂ ಒಂದೇ. ಮೂವತ್ತನ್ನು ಎರಡಕ್ಕೆ ಇಳಿಸಿ, ಆ ಎರಡರ ಗಡಿಯನ್ನೂ ನಿಗದಿಪಡಿಸಿದ್ದು ಸಣ್ಣ ಸಾಧನೆಯಲ್ಲ. ಜಿಪಿಎಸ್ ಇರುವಾಗ ಇವೆಲ್ಲ ಏಕೆ ಎನ್ನುವವರೂ ಇದ್ದಾರೆ. ಉಪಗ್ರಹ ಹಡಗು ಎಲ್ಲಿದೆ ಎಂದು ಹೇಳುತ್ತದೆ, ನಿನ್ನೆ ಮುಳುಗಿದ್ದು ಎಲ್ಲಿದೆ ಎಂದು ಹೇಳುವುದಿಲ್ಲ. ಅದರ ಸಂಕೇತವನ್ನು ಕೆಡಿಸಲೂ ಬಹುದು. ಜಿಪಿಎಸ್ ಬಳಕೆಗೆ ಬಂದ ಮೇಲೆಯೇ, 2002ರ ಡಿಸೆಂಬರಿನಲ್ಲಿ ಮುಳುಗಿದ ಟ್ರೈಕಲರ್ ಹಡಗಿಗೆ ಬೇರೆ ಹಡಗುಗಳು ಬಡಿದವು. ಹೊಸ ಅವಶೇಷವನ್ನು ತೋರಿಸುವ ನೀಲಿ-ಹಳದಿ ಪಟ್ಟೆಯ ತೇಲುಗುರುತು ಬಂದದ್ದು ಆ ನಂತರ.

ಎರಡು ಸಲವೂ ದುರಂತ ಮೊದಲು, ನಿಯಮ ಆಮೇಲೆ. ಈ ಕ್ರಮ ಬದಲಾಗಬೇಕು. ಭಾರತ 1927ರ ದೀಪಸ್ತಂಭ ಕಾಯ್ದೆಯ ಬದಲು 2021ರಲ್ಲಿ ಹೊಸ ಕಾಯ್ದೆ ತಂದಿದೆ. ಐಯಾಲ 2024ರ ಆಗಸ್ಟಿನಲ್ಲಿ ಸರ್ಕಾರಗಳದ್ದೇ ಸಂಸ್ಥೆಯಾಗಿದೆ. ಸಾವು ಪಾಠ ಕಲಿಸುವ ಮೊದಲೇ ಕೂತು ಒಪ್ಪಂದಕ್ಕೆ ಬರಲು ಈಗ ಒಂದು ವೇದಿಕೆ ಸಿಕ್ಕಿದೆ. ಅದನ್ನು ಬಳಸಿಕೊಳ್ಳುವುದು ಕಡಲಿರುವ, ಕಡಲನ್ನು ನೆಚ್ಚಿರುವ ಎಲ್ಲ ದೇಶಗಳ ಹೊಣೆ.